ಕಾರಣದ ಕಾಲಂನಲ್ಲಿ ನಾನು ಬರೆದ ‘ಭಯ’

ಪ್ರತಿ ವರ್ಷ ಫ್ಲೂ ಕಾಲ ಶುರುವಾಗುವ ಮುಂಚೆ ಒಂದು ಐಸ್ ಡಬ್ಬಿ, ಒಂದು ರಿಜಿಸ್ಟರು, ಒಂದು ಕಟ್ಟು ಫಾರ್ಮು ಹಿಡಿದುಕೊಂಡು ನಮ್ಮ ವೃದ್ಧರ ಆರೈಕೆ ಕೇಂದ್ರದ ಮಹಡಿ ಮಹಡಿ ಸುತ್ತುವುದು ನನ್ನ ಪಾಲಿನ ಕೆಲಸ. ಸೋಂಕು ನಿಯಂತ್ರಣದ ನರ್ಸು ನಾನು. ಲಸಿಕೆ ಹಾಕಿಸಿಕೊಂಡ ಸಿಬ್ಬಂದಿ ರಿಜಿಸ್ಟರಿನಲ್ಲಿ ಸಹಿ ಮಾಡುತ್ತಾರೆ, ಬೇಡ ಅಂದವರು ಫಾರ್ಮಿನಲ್ಲಿ. ಆ ಫಾರ್ಮಿನ ಕೊನೆಗೆ ‘ಕಾರಣ’ ಅಂತ ಒಂದು ಕಾಲಂ ಇದೆ, ಒಂದೇ ಒಂದು ಸಾಲಿನಷ್ಟು ಜಾಗ. ಎಷ್ಟೋ ವರ್ಷ ಆ ಸಾಲನ್ನು ತುಂಬಿದ್ದು ಬೇಡ ಅಂದವರಲ್ಲ, ನಾನು. ಅವರು ಏನೋ ಹೇಳುತ್ತಿದ್ದರು. ನಾನು ‘ಭಯ’ ಅಂತಲೋ ‘ತಪ್ಪು ತಿಳಿವಳಿಕೆ’ ಅಂತಲೋ ಬರೆದುಕೊಂಡು ಪಕ್ಕದ ಕೋಣೆಗೆ ಹೋಗುತ್ತಿದ್ದೆ.

ರಾತ್ರಿ ಪಾಳಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಕೆಲಸಕ್ಕೆ ಸೇರಿದ್ದೂ ನನಗಿಂತ ಮೊದಲು. ಹಾಸಿಗೆ ಹಿಡಿದವರ ಮಗ್ಗುಲು ಎರಡು ಗಂಟೆಗೊಮ್ಮೆ ಬದಲಿಸುವುದರಲ್ಲಿ ಅವರಷ್ಟು ನಾಜೂಕು ಬೇರೆ ಯಾರಿಗೂ ಇಲ್ಲ. ಅವರು ನೋಡಿಕೊಳ್ಳುವ ಸಾಲಿನಲ್ಲಿ ಹಾಸಿಗೆ ಹುಣ್ಣು ಆಗಿದ್ದನ್ನು ನಾನು ಕಂಡಿಲ್ಲ. ಪ್ರತಿ ವರ್ಷವೂ ಅವರದು ಒಂದೇ ಮಾತು: “ಬೇಡ ಸಿಸ್ಟರ್, ನಂಗೆ ಆಗಲ್ಲ.” ಪ್ರತಿ ವರ್ಷವೂ ನಾನು ‘ಭಯ’ ಅಂತ ಬರೆದೆ. ಸೂಜಿಗೆ ಹೆದರುವ ಹೆಂಗಸು ಅಲ್ಲವೇ ಅಲ್ಲ ಅವರು. ಅದು ಗೊತ್ತಿದ್ದೂ ಬರೆದೆ.

ಒಂದು ವರ್ಷ ಫಾರ್ಮುಗಳು ಮುಗಿದುಹೋಗಿದ್ದವು. ಹಾಗಾಗಿ ಬರೆಯುವ ಗಡಿಬಿಡಿ ಇಲ್ಲದೆ ಅವರ ಪಕ್ಕ ಕೂತೆ. “ಆಗಲ್ಲ ಅಂದ್ರೆ ಏನಕ್ಕಾ?” ಅಂದೆ. ಅವರು ಬಲಗೈ ಎತ್ತಿ ಭುಜ ಮುಟ್ಟಿ ತೋರಿಸಿದರು. ತುಂಬಾ ಹಿಂದೆ, ಬೇರೆ ಕಡೆ ಕೆಲಸ ಮಾಡುವಾಗ ಹಾಕಿಸಿಕೊಂಡಿದ್ದರಂತೆ. ಮಾರನೇ ದಿನ ತೋಳು ಎತ್ತಲಾಗಲಿಲ್ಲ. ಆ ರಾತ್ರಿ ಇಪ್ಪತ್ತು ಜನರ ಮಗ್ಗುಲು ಬದಲಿಸಬೇಕಿತ್ತು. ಒಬ್ಬ ತಾತನನ್ನು ಎತ್ತುವಾಗ ಕೈ ಜಾರಿ, ಅವರ ಮೊಣಕೈ ಮಂಚದ ಕಂಬಿಗೆ ತಾಗಿ ಚರ್ಮ ಕಿತ್ತುಹೋಯಿತು. ಮರುದಿನ ರಜೆ ಕೇಳಿದರೆ ಸಂಬಳ ಕಡಿದರು. “ಅವರ ಕೈಗೆ ಹೊಲಿಗೆ ಹಾಕ್ಸಿದ್ರು ಸಿಸ್ಟರ್. ಅದು ಈಗ್ಲೂ ಕಣ್ಣ ಮುಂದೆ ಬರತ್ತೆ.”

ಆ ರಾತ್ರಿಯಿಂದ ಈ ವಿಷಯವನ್ನು ನಾನು ನೋಡುವ ರೀತಿ ಬದಲಾಯಿತು. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಸಿಬ್ಬಂದಿಗೆ ಪಾಠ ಹೇಳುವಾಗ ನಾನು ತಪ್ಪದೆ ಎತ್ತುತ್ತಿದ್ದ ಅಧ್ಯಯನವೊಂದಿದೆ. 1996ರಲ್ಲಿ ಪ್ರಕಟವಾದದ್ದು, ಅಮೆರಿಕದ ಮಿನೆಸೋಟದಲ್ಲಿ ಆರೋಗ್ಯವಾಗಿದ್ದ ದುಡಿಯುವ ಸುಮಾರು 850 ಜನರ ಮೇಲೆ ನಡೆದದ್ದು. ಅರ್ಧ ಜನರಿಗೆ ನಿಜವಾದ ಫ್ಲೂ ಲಸಿಕೆ, ಉಳಿದವರಿಗೆ ಮದ್ದಿಲ್ಲದ ಹುಸಿ ಚುಚ್ಚುಮದ್ದು. ಯಾರಿಗೆ ಯಾವುದು ಸಿಕ್ಕಿತೆಂದು ಅವರಿಗೇ ಗೊತ್ತಿಲ್ಲ. ಆಮೇಲೆ ಜ್ವರ, ಸುಸ್ತು, ತಲೆನೋವು, ಮೈಕೈ ನೋವು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮಸಮ. ‘ನೋಡಿ, ಲಸಿಕೆಯಿಂದ ಜ್ವರ ಬರುವುದಿಲ್ಲ, ತೋಳು ನೋವು ಅಷ್ಟೇ’ ಅನ್ನುತ್ತಿದ್ದೆ. ಆ ‘ಅಷ್ಟೇ’ ಮೇಲೆ ನಾನು ಒಮ್ಮೆಯೂ ನಿಲ್ಲಲಿಲ್ಲ. ಅದೇ ಅಧ್ಯಯನದಲ್ಲಿ ನಿಜವಾದ ಲಸಿಕೆ ಪಡೆದ 100 ಜನರಲ್ಲಿ ಸುಮಾರು 64 ಜನರಿಗೆ ತೋಳು ನೋವು ಬಂದಿತ್ತು. ಹುಸಿ ಚುಚ್ಚುಮದ್ದಿನವರಲ್ಲಿ 24 ಜನರಿಗೆ. ಮೇಜಿನ ಮುಂದೆ ಕೂತು ದುಡಿಯುವವರಿಗೆ ಅದು ಲೆಕ್ಕಕ್ಕಿಲ್ಲದ ನೋವು. ಮನುಷ್ಯರನ್ನು ಎತ್ತಿ ಇಳಿಸಿ ದುಡಿಯುವವರಿಗೆ ತೋಳೇ ಬಂಡವಾಳ. ಅಕ್ಕ ಹೇಳಿದ್ದರಲ್ಲಿ ತಪ್ಪು ತಿಳಿವಳಿಕೆ ಒಂದಿಷ್ಟೂ ಇರಲಿಲ್ಲ. ನಾನು ಅಂಕಿಅಂಶದಲ್ಲಿ ಓದಿ ದಾಟಿಹೋದದ್ದನ್ನು ಅವರು ಅನುಭವಿಸಿ ಹೇಳಿದ್ದರು.

ಇನ್ನೊಂದು ಮಾತನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಈ ಕೆಲಸಕ್ಕೆ ಬಂದ ಮೊದಲ ಮೂರು ವರ್ಷ ನಾನೂ ಹಾಕಿಸಿಕೊಂಡಿರಲಿಲ್ಲ. ಭಯವಿರಲಿಲ್ಲ, ವಿರೋಧವೂ ಇರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹುಡುಕಿಕೊಂಡು ಹೋಗಲಿಲ್ಲ. ಆಗ ಕೆಲಸ ಮಾಡಿದ ಜಾಗದಲ್ಲಿ ಲಸಿಕೆ ಹಾಕುತ್ತಿದ್ದುದು ಹಗಲು ಹತ್ತರಿಂದ ನಾಲ್ಕರವರೆಗೆ, ಕೆಳಮಹಡಿಯ ಕಚೇರಿಯಲ್ಲಿ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಿ ಮಲಗಿದವಳು ಅದಕ್ಕಾಗಿ ಎದ್ದು ಬರಬೇಕಿತ್ತು. ಬರಲಿಲ್ಲ. ನನ್ನ ಹೆಸರಿನ ಮುಂದೆಯೂ ಯಾರೋ ಏನೋ ಕಾರಣ ಬರೆದಿರುತ್ತಾರೆ.

‘ಇಂಜೆಕ್ಷನ್ ತಗೊಂಡೇ ನಂಗೆ ಫ್ಲೂ ಬಂತು’ ಅನ್ನುವುದು ಎಲ್ಲ ಕಡೆಯೂ ಕೇಳಿಬರುವ ಮಾತು. ಚುಚ್ಚಿ ಕೊಡುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ಹೆಚ್ಚಿನ ಲಸಿಕೆಗೆ ವೈರಸ್ಸನ್ನು ಕೋಳಿಮೊಟ್ಟೆಯೊಳಗೆ ಬೆಳೆಸಿ, ರಾಸಾಯನಿಕದಿಂದ ಕೊಂದು, ಒಡೆದು, ಬೇಕಾದ ಭಾಗವನ್ನಷ್ಟೇ ಶುದ್ಧಮಾಡಿ ತೆಗೆಯುತ್ತಾರೆ. ಸತ್ತ ವೈರಸ್ಸಿನ ಚೂರು ಫ್ಲೂ ತರಲಾರದು. ಹಾಗಂತ ಆ ಮಾತು ಹೇಳಿದವರು ಸುಳ್ಳು ಹೇಳುತ್ತಿಲ್ಲ. ಲಸಿಕೆ ಕೊಡುವ ಕಾಲ ಎಂಥದು ನೋಡಿ: ನೆಗಡಿ ತರುವ ಹತ್ತಾರು ಬೇರೆ ವೈರಸ್‌ಗಳು ಊರೆಲ್ಲ ಓಡಾಡುತ್ತಿರುವ ಕಾಲ. ಲಸಿಕೆಗೆ ಮೈ ಸಜ್ಜಾಗಲು ಎರಡು ವಾರವಾದರೂ ಬೇಕು. ಆ ನಡುವೆ ಬಂದ ಜ್ವರವನ್ನು ಮನಸ್ಸು ಸೂಜಿಗೇ ಗಂಟು ಹಾಕುತ್ತದೆ. ಒಬ್ಬೊಬ್ಬರಿಗೆ ಒಂದೆರಡು ದಿನ ಮೈ ಬೆಚ್ಚಗಾಗಿ ಭಾರವಾಗುವುದೂ ಉಂಟು. ‘ನಿಮಗೆ ಬಂದಿದ್ದು ಜ್ವರವೇ ಅಲ್ಲ’ ಅಂತ ಮಲಗಿ ನರಳಿದವರ ಮುಖದ ಮೇಲೆ ಹೇಳಿದರೆ ಅವರು ಮುಂದಿನ ವರ್ಷ ನನ್ನ ಐಸ್ ಡಬ್ಬಿ ಕಂಡಕೂಡಲೇ ಬಟ್ಟೆ ಒಗೆಯುವ ಕೋಣೆಗೆ ಹೋಗಿಬಿಡುತ್ತಾರೆ. ಹೋಗಿದ್ದಾರೆ.

‘ಕೈಕಾಲು ಬಿದ್ದುಹೋಗುತ್ತಂತೆ’ ಅಂದವರೂ ಇದ್ದಾರೆ. ಇದಕ್ಕೂ ಬೇರು ಇದೆ. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಭೀತಿಯಿಂದ 4 ಕೋಟಿಗೂ ಹೆಚ್ಚು ಜನರಿಗೆ ಆತುರಾತುರವಾಗಿ ಲಸಿಕೆ ಹಾಕಿದಾಗ, ನರಗಳು ಸೋತು ಕೈಕಾಲು ಬಲಹೀನವಾಗುವ ಗಿಲ್ಲನ್-ಬಾರೆ ಎಂಬ ಕಾಯಿಲೆ ಲಸಿಕೆ ಪಡೆದ ಪ್ರತಿ ಲಕ್ಷಕ್ಕೆ ಸುಮಾರು ಒಂದರಂತೆ ಹೆಚ್ಚಾಗಿ ಕಂಡಿತು. ಅಭಿಯಾನವನ್ನೇ ನಿಲ್ಲಿಸಿದರು. ಈಗಿನ ಲಸಿಕೆಗಳಲ್ಲಿ ಆ ಅಪಾಯ ಇದ್ದರೂ 10 ಲಕ್ಷಕ್ಕೆ ಒಂದೋ ಎರಡೋ. ಫ್ಲೂ ಸೋಂಕಿನಿಂದಲೇ ಆ ಕಾಯಿಲೆ ಬರುವ ಸಂಭವ ಅದಕ್ಕಿಂತ ಜಾಸ್ತಿ. ಇಷ್ಟನ್ನು ಮುಚ್ಚಿಡದೆ ಹೇಳಿದಾಗ ಕೇಳಿದವರು ತಲೆಯಾಡಿಸಿದರು. ‘ಅದೆಲ್ಲ ವದಂತಿ’ ಅಂದಿದ್ದರೆ ಅವರ ಪಾಲಿಗೆ ನಾನೇ ಸುಳ್ಳುಗಾರ್ತಿ ಆಗುತ್ತಿದ್ದೆ.

ಎಲ್ಲಕ್ಕಿಂತ ಗಟ್ಟಿಯಾದ ಮಾತು ‘ನಂಗೆ ಫ್ಲೂ ಬರೋದೇ ಇಲ್ಲ’ ಅನ್ನುವುದು. ಇದನ್ನು ಹೇಳುವವರು ಸಾಮಾನ್ಯವಾಗಿ ಅತ್ಯಂತ ಕಷ್ಟಪಡುವ ಕೆಲಸಗಾರರು, ಒಂದು ದಿನವೂ ರಜೆ ಹಾಕದವರು. ಅವರಿಗೆ ನಾನು ಸ್ಕಾಟ್ಲೆಂಡಿನ ಗ್ಲಾಸ್ಗೋದ ಕಥೆ ಹೇಳುತ್ತೇನೆ. 1993–94ರ ಚಳಿಗಾಲ, ಫ್ಲೂ ಅಷ್ಟೇನೂ ಜೋರಿರದ ವರ್ಷ. ಅಲ್ಲಿನ ಆಸ್ಪತ್ರೆಗಳ 518 ಸಿಬ್ಬಂದಿಯ ರಕ್ತವನ್ನು ಫ್ಲೂ ಕಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿದರು. 120 ಜನರಿಗೆ, ಅಂದರೆ ನೂರಕ್ಕೆ 23 ಮಂದಿಗೆ, ಆ ಚಳಿಗಾಲದಲ್ಲಿ ಸೋಂಕು ತಗುಲಿದ ಗುರುತು ರಕ್ತದಲ್ಲಿತ್ತು. ಆ 120 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಮಗೆ ಫ್ಲೂ ಬಂದ ನೆನಪೇ ಇಲ್ಲ. ಕಾಲು ಭಾಗಕ್ಕೂ ಹೆಚ್ಚು ಜನರಿಗೆ ಒಂದು ನೆಗಡಿ ಬಂದ ನೆನಪೂ ಇಲ್ಲ. ಅವರಲ್ಲಿ ಎಷ್ಟೋ ಜನ ಕೆಲಸಕ್ಕೆ ಬಂದಿರಬಹುದು, ಯಾರ ಮೇಲೂ ಅನುಮಾನ ಬರದಂತೆ.

ಫ್ಲೂ ತಗುಲಿದವರಿಂದ, ಅವರಿಗೆ ಲಕ್ಷಣ ಕಾಣುವ ಒಂದು ದಿನ ಮೊದಲೇ ವೈರಸ್ ಹೊರಬೀಳಬಲ್ಲದು. ಅಂದರೆ ಕೆಮ್ಮು ಬಂದಮೇಲೆ ಮನೆಯಲ್ಲಿ ಉಳಿದುಕೊಂಡರೂ ತಡವಾಗಿರಬಹುದು. ಈ ಮಾತು ಕೇಳಿದಾಗ ‘ನಂಗೆ ಬರೋದೇ ಇಲ್ಲ’ ಅನ್ನುವವರು ಸುಮ್ಮನಾಗುತ್ತಾರೆ. ಕೆಲವರ ಮುಖ ಸಣ್ಣದಾಗುವುದನ್ನು ನೋಡಿದ್ದೇನೆ; ಯಾವ ಅಜ್ಜಿ, ಯಾವ ವರ್ಷ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾರೆ. ಆದ್ದರಿಂದ ಈ ಕಥೆಯನ್ನು ಹೇಳುವಾಗ ನಾನು ಈಗ ಬಲು ಎಚ್ಚರ ವಹಿಸುತ್ತೇನೆ. ಯಾಕೆ ಅನ್ನುವುದಕ್ಕೆ ನಮ್ಮಲ್ಲಿ ನಡೆದದ್ದೊಂದನ್ನು ಹೇಳಬೇಕು.

ಒಂದು ಚಳಿಗಾಲ ನಮ್ಮ ಎರಡನೇ ಮಹಡಿಗೆ ಫ್ಲೂ ಹೊಕ್ಕಿತು. ಮೊದಲು ಮೂಲೆಯ ಮಂಚದ ಅಜ್ಜಿ ಊಟ ಬಿಟ್ಟರು. ಜ್ವರವಿಲ್ಲ, ಕೆಮ್ಮಿಲ್ಲ. ಮಗಳ ಹೆಸರು ಮರೆತರು, ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಕುಸಿದರು. ವಯಸ್ಸಾದವರಲ್ಲಿ ಫ್ಲೂ ಹೀಗೂ ಬರುತ್ತದೆ: ಮೈ ಬಿಸಿಯಾಗುವಷ್ಟು ಶಕ್ತಿಯೂ ದೇಹಕ್ಕೆ ಇರುವುದಿಲ್ಲ, ಗಲಿಬಿಲಿ, ನಿದ್ದೆ, ಬೀಳುವುದು ಇಷ್ಟರಲ್ಲೇ ಕಾಯಿಲೆ ಹೊರಗೆ ಕಾಣುತ್ತದೆ. ನಾವು ಮೂತ್ರದ ಸೋಂಕು ಅಂದುಕೊಂಡು ಎರಡು ದಿನ ಕಳೆದೆವು. ಅಷ್ಟರಲ್ಲಿ ಅದೇ ಸಾಲಿನ ಇನ್ನೂ ನಾಲ್ವರಿಗೆ ಶುರುವಾಗಿತ್ತು. ಅಜ್ಜಿ ಉಳಿಯಲಿಲ್ಲ. ಅವರಿಗೆ ಲಸಿಕೆ ಆಗಿತ್ತು. ವಯಸ್ಸಾದಂತೆ ದೇಹ ಲಸಿಕೆಗೆ ಕೊಡುವ ಉತ್ತರವೂ ಮಂದವಾಗುತ್ತದೆ. ಅದಕ್ಕೆಂದೇ 65 ದಾಟಿದವರಿಗೆ ವೈರಸ್ಸಿನ ಪ್ರತಿ ತಳಿಯ ಅಂಶ 15 ಮೈಕ್ರೋಗ್ರಾಂ ಬದಲು 60 ಮೈಕ್ರೋಗ್ರಾಂ ಇರುವ ಲಸಿಕೆಯನ್ನು ಅಮೆರಿಕದಲ್ಲಿ 2009ರಲ್ಲಿ ಒಪ್ಪಿದರು. ನಮ್ಮಲ್ಲಿ ಇದ್ದದ್ದು ಮಾಮೂಲಿ ಲಸಿಕೆ.

ಅದಾದ ವಾರಕ್ಕೆ ಆಡಳಿತದವರು ಸಿಬ್ಬಂದಿಯನ್ನು ಸೇರಿಸಿದರು. ‘ಇದನ್ನು ಒಳಗೆ ತಂದವರು ನೀವು’ ಅಂದರು. ಹಾಗೆ ಹೇಳಲು ಯಾವ ಆಧಾರವೂ ಇರಲಿಲ್ಲ. ಆ ವಾರ ಮನೆಯವರು ಬಂದುಹೋಗಿದ್ದರು, ಸಾಮಾನು ತರುವವರು ಬಂದಿದ್ದರು, ಡಾಕ್ಟರು ಬಂದಿದ್ದರು, ಕಚೇರಿಯವರೇ ಮೇಲೆ ಕೆಳಗೆ ಓಡಾಡಿದ್ದರು. ಬೆರಳು ಮಾತ್ರ ಮೈ ತೊಳೆಸುವವರ ಕಡೆಗೇ ತಿರುಗಿತು. ಅಜ್ಜಿಯ ಕೊನೆಯ ರಾತ್ರಿ ಅವರ ಕೈ ಹಿಡಿದು ಕೂತಿದ್ದ ಹುಡುಗಿ ಆ ಸಭೆಯ ಕೊನೆಯ ಸಾಲಿನಲ್ಲಿದ್ದಳು. ಎದ್ದು ಹೊರಗೆ ಹೋದಳು. ನಾನು ವೇದಿಕೆಯ ಪಕ್ಕ ಕೂತಿದ್ದೆ, ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ.

ಮುಂದಿನ ವರ್ಷ ಲಸಿಕೆ ಹಾಕಿಸಿಕೊಂಡವರ ಸಂಖ್ಯೆ ಇಳಿಯಿತು. ಆಡಳಿತಕ್ಕೆ ಆಶ್ಚರ್ಯ, ನನಗೆ ಅಲ್ಲ. ಆ ಸಭೆಯ ನಂತರ ತೋಳು ಚಾಚುವುದೆಂದರೆ ‘ಹೌದು, ನಾನೇ ತಂದಿದ್ದು’ ಅಂತ ಒಪ್ಪಿಕೊಂಡ ಹಾಗೆ ಆಗಿಬಿಟ್ಟಿತ್ತು. ಹುಡುಗಿ ಕೆಲಸ ಬಿಟ್ಟಳು.

ಪುರಾವೆಯ ವಿಷಯದಲ್ಲೂ ನಾವು ಪ್ರಾಮಾಣಿಕವಾಗಿ ನಡೆದುಕೊಂಡಿಲ್ಲ ಅಂತ ನನ್ನ ಅಭಿಪ್ರಾಯ. ನಾನು ಒಮ್ಮೆ ಗೋಡೆಗೆ ಒಂದು ಭಿತ್ತಿಪತ್ರ ಅಂಟಿಸಿದ್ದೆ. ಅದೂ ಗ್ಲಾಸ್ಗೋದ್ದೇ, 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನ. ದೀರ್ಘಕಾಲದ ಆರೈಕೆಯ 20 ಆಸ್ಪತ್ರೆಗಳಲ್ಲಿ ಅರ್ಧ ಕಡೆ ಸಿಬ್ಬಂದಿಗೆ ಲಸಿಕೆ ಕೊಡಲು ಮುಂದಾದರು, ಅರ್ಧ ಕಡೆ ಇಲ್ಲ. ಲಸಿಕೆ ಕೊಟ್ಟ ಕಡೆ ವೃದ್ಧರ ಸಾವು 13.6 ಶೇಕಡಾ, ಕೊಡದ ಕಡೆ 22.4. ದೊಡ್ಡ ಅಕ್ಷರದಲ್ಲಿ ಅಷ್ಟನ್ನೇ ಬರೆದಿದ್ದೆ. ರಾತ್ರಿ ಪಾಳಿಯ ಒಬ್ಬ ತಮ್ಮ, ಓದು ಅರ್ಧಕ್ಕೆ ಬಿಟ್ಟು ಬಂದವನು, ಅದರ ಮುಂದೆ ನಿಂತು ಕೇಳಿದ: “ಸಿಸ್ಟರ್, ಅಲ್ಲಿ ಎಲ್ಲ ಸಿಬ್ಬಂದಿನೂ ಹಾಕಿಸ್ಕೊಂಡಿದ್ರಾ?” ಇಲ್ಲ, ಸುಮಾರು ಅರ್ಧ ಮಂದಿ. “ಹಂಗಾದ್ರೆ ಅರ್ಧ ಮಂದಿ ಸೂಜಿ ಹಾಕಿಸ್ಕೊಂಡಿದ್ದಕ್ಕೆ ಇಷ್ಟೊಂದು ಸಾವು ಕಮ್ಮಿ ಆಯ್ತಾ? ವಯಸ್ಸಾದೋರು ಸಾಯೋದು ಬರೀ ಫ್ಲೂ ಇಂದ ಅಲ್ವಲ್ಲ?”

ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಹುಡುಕಿ ಓದಿದೆ. ಅವನು ಕೇಳಿದ್ದನ್ನೇ ಸಂಶೋಧಕರೂ ಕೇಳಿದ್ದರು. 2017ರಲ್ಲಿ ಬಂದ ಒಂದು ವಿಮರ್ಶೆ, ಇಂಥ ನಾಲ್ಕು ಅಧ್ಯಯನಗಳ ಲೆಕ್ಕವನ್ನು ಕೆದಕಿ, ಅಲ್ಲಿ ತೋರಿಸಿದ ಲಾಭ ಲಸಿಕೆಯೊಂದರಿಂದಲೇ ಆಗಲು ಸಾಧ್ಯವಿಲ್ಲದಷ್ಟು ದೊಡ್ಡದೆಂದು ವಾದಿಸಿತು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿನೋಡುವ ಕಾಕ್ರೇನ್ ಎಂಬ ಸಂಸ್ಥೆಯ ಪರಾಮರ್ಶೆಯೂ ಪುರಾವೆ ಗಟ್ಟಿಯಿಲ್ಲ ಎಂದೇ ಹೇಳಿತ್ತು. ಬ್ರಿಟನ್ನಿನ ಆರೈಕೆ ಮನೆಗಳಲ್ಲಿ ಎರಡು ಚಳಿಗಾಲ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫ್ಲೂ ಜೋರಾಗಿದ್ದ ಮೊದಲ ವರ್ಷ ಸಾವು ಕಡಿಮೆಯಾದದ್ದು ಕಂಡಿತು, ಫ್ಲೂ ಇಲ್ಲದಂತಿದ್ದ ಎರಡನೇ ವರ್ಷ ಏನೂ ಕಾಣಲಿಲ್ಲ. ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಈ ಕೊನೆಯದೇ. ರೋಗವಿಲ್ಲದ ವರ್ಷ ಲಾಭವೂ ಇಲ್ಲ ಅನ್ನುವುದರಲ್ಲಿ ಒಂದು ನ್ಯಾಯವಿದೆ.

ಭಿತ್ತಿಪತ್ರ ತೆಗೆದೆ. ಈಗ ನಾನು ಹೇಳುವುದು ಇಷ್ಟು: ಲಸಿಕೆಯ ತಳಿ ಆ ವರ್ಷದ ವೈರಸ್ಸಿಗೆ ಹೊಂದಿದರೆ ಫ್ಲೂನಿಂದ ಡಾಕ್ಟರ ಬಳಿ ಹೋಗಬೇಕಾದ ಪ್ರಮೇಯ 40ರಿಂದ 60 ಶೇಕಡಾದಷ್ಟು ತಗ್ಗುತ್ತದೆ, ಹೊಂದದಿದ್ದರೆ ಇನ್ನೂ ಕಡಿಮೆ. ಅರ್ಧಂಬರ್ಧ ಕೆಲಸ ಮಾಡುವ ಮದ್ದು ಇದು. ಆದರೂ ಹಾಕಿಸಿಕೊಳ್ಳಿ ಅನ್ನುತ್ತೇನೆ. ಮೊದಲಿಗೆ, ನಿಮ್ಮ ಮೈಗೋಸ್ಕರ. 2018ರಲ್ಲಿ ಕೆನಡಾದಿಂದ ಬಂದ ಅಧ್ಯಯನವೊಂದು, ಫ್ಲೂ ಪರೀಕ್ಷೆಯಲ್ಲಿ ದೃಢಪಟ್ಟ ಮೊದಲ ಏಳು ದಿನ ಹೃದಯಾಘಾತದ ಸಂಭವ ಆರು ಪಟ್ಟು ಹೆಚ್ಚೆಂದು ತೋರಿಸಿತು. ನಮ್ಮ ಅಕ್ಕಂದಿರಲ್ಲಿ ಐವತ್ತು ದಾಟಿದವರು, ಬಿಪಿ ಶುಗರ್ ಇರುವವರು ಎಷ್ಟು ಜನ! ನಾವು ಅವರ ಬಳಿ ಯಾವಾಗಲೂ ವೃದ್ಧರ ಜೀವದ ಮಾತಾಡಿದೆವು. ‘ನಿಮ್ಮ ಜೀವವೂ ಬೇಕು’ ಅಂತ ಒಂದು ಸಲವೂ ಹೇಳಿರಲಿಲ್ಲ. ಆಮೇಲೆ, ಮಂಚದ ಮೇಲಿರುವವರ ಸ್ವಂತ ಲಸಿಕೆ ದುರ್ಬಲ. ಅವರ ಸುತ್ತ ಓಡಾಡುವವರ ಮೈಯಲ್ಲಿ ಅರ್ಧವಾದರೂ ಗೋಡೆ ಇದ್ದರೆ ಅಷ್ಟಾದರೂ ಆಯಿತು. ನೂರಕ್ಕೆ ಇಷ್ಟು ಸಾವು ತಪ್ಪುತ್ತದೆ ಅಂತ ಬರೆದುಕೊಡಲು ನನ್ನಿಂದ ಆಗದು. ಆ ತಮ್ಮ ಮಾರನೇ ವರ್ಷ ಹಾಕಿಸಿಕೊಂಡ.

‘ಪ್ರತಿ ವರ್ಷ ಯಾಕೆ?’ ಅನ್ನುವುದಕ್ಕೆ ಉತ್ತರ ಸುಲಭ, ಆದರೆ ಹೇಳುವಾಗ ನನಗೇ ಬೆರಗಾಗುತ್ತದೆ. ಈ ವೈರಸ್ ತನ್ನ ಮೇಲಂಗಿಯನ್ನು ಬದಲಿಸುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1952ರಿಂದ ದೇಶದೇಶಗಳ ಪ್ರಯೋಗಾಲಯಗಳನ್ನು ಬೆಸೆದು ಅದರ ಜಾಡು ಹಿಡಿಯುತ್ತಿದೆ. ಉತ್ತರಾರ್ಧಗೋಳಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರಿನಲ್ಲಿ ಕೂತು, ಮುಂದಿನ ಕಾಲಕ್ಕೆ ಯಾವ ತಳಿ ಅಂತ ತೀರ್ಮಾನಿಸುತ್ತಾರೆ. ಲಸಿಕೆ ತಯಾರಾಗಲು ತಿಂಗಳುಗಟ್ಟಲೆ ಬೇಕಾದ್ದರಿಂದ ಅಷ್ಟು ಮೊದಲೇ ಊಹಿಸಬೇಕು. ಎಚ್1ಎನ್1, ಎಚ್3ಎನ್2, ಬಿ ಬಗೆಯ ವಿಕ್ಟೋರಿಯಾ ಈಗಿನ ಮೂರು. ಬಿ ಬಗೆಯಲ್ಲೇ ಯಮಗಾಟ ಅಂತ ನಾಲ್ಕನೆಯದೊಂದಿತ್ತು. 2020ರ ಮಾರ್ಚ್ ನಂತರ ಅದು ಎಲ್ಲೂ ಖಚಿತವಾಗಿ ಸಿಕ್ಕಿಲ್ಲ. ಕೋವಿಡ್ ಕಾಲದಲ್ಲಿ ಜಗತ್ತೆಲ್ಲ ಮಾಸ್ಕ್ ಹಾಕಿ ದೂರ ದೂರ ನಿಂತಾಗ ಹರಡಲು ದಾರಿಯಿಲ್ಲದೆ ನಶಿಸಿರಬಹುದು. ಇದನ್ನು ಹೇಳಿದಾಗ ಅಡುಗೆಮನೆಯ ಒಬ್ಬರು “ಹಂಗಾದ್ರೆ ನಾವು ಒಂದನ್ನ ಓಡಿಸಿದ್ವಿ” ಅಂದರು. ಕೋವಿಡ್ ಕಾಲದ ಬಗ್ಗೆ ನಮ್ಮಲ್ಲಿ ಯಾರಾದರೂ ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕಡ್ಡಾಯ ಮಾಡಿಬಿಡಿ ಅನ್ನುವವರಿದ್ದಾರೆ. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ವೈದ್ಯಕೀಯ ಕೇಂದ್ರ 2005ರಲ್ಲೇ ಮಾಡಿತು, ಮೊದಲ ವರ್ಷವೇ ನೂರಕ್ಕೆ 97ಕ್ಕೂ ಹೆಚ್ಚು ಸಿಬ್ಬಂದಿ ಹಾಕಿಸಿಕೊಂಡರು. ಸಂಖ್ಯೆ ಏರಿಸುವುದಷ್ಟೇ ಗುರಿಯಾದರೆ ಇದಕ್ಕಿಂತ ನೇರ ದಾರಿ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕೊಂದು ಭದ್ರತೆ ಇರುತ್ತದೆ, ಆರೋಗ್ಯ ಕೆಟ್ಟರೆ ಸಂಬಳದ ರಜೆ ಇರುತ್ತದೆ. ಆರೈಕೆ ಮನೆಗಳಲ್ಲಿ ಅದೆರಡೂ ಅಪರೂಪ. ಇಂಗ್ಲೆಂಡಿನಲ್ಲಿ 2021ರ ನವೆಂಬರಿನಲ್ಲಿ ಆರೈಕೆ ಮನೆಯ ಕೆಲಸಗಾರರಿಗೆ ಕೋವಿಡ್ ಲಸಿಕೆ ಕಡ್ಡಾಯವಾಯಿತು. 2022ರ ಮಾರ್ಚ್‌ನಲ್ಲಿ ಆ ನಿಯಮವನ್ನು ಹಿಂದಕ್ಕೆ ಪಡೆದರು. ಮೊದಲೇ ಕೈ ಸಾಲದ ಕಡೆ ಒಬ್ಬರು ಬಿಟ್ಟುಹೋದರೂ ಯಾವುದೋ ಮಂಚದ ಮಗ್ಗುಲು ಆ ರಾತ್ರಿ ಬದಲಾಗುವುದಿಲ್ಲ. ಜ್ವರ ಬಂದ ದಿನ ಮನೆಯಲ್ಲಿದ್ದರೆ ಸಂಬಳ ಕಡಿಯುವ ಜಾಗ, ಜ್ವರ ತಡೆಯುವ ಸೂಜಿಯನ್ನು ಕಡ್ಡಾಯ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಆ ಒಂದು ದಿನದ ಸಂಬಳ ಕೊಡಲಿ.

ಇದನ್ನು ಆಡಳಿತದ ಮುಂದೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಪೂರ್ತಿ ಒಪ್ಪಲಿಲ್ಲ, ಒಂದಿಷ್ಟು ಒಪ್ಪಿದರು. ಲಸಿಕೆಯ ಮಾರನೇ ದಿನ ಮೈ ಹುಷಾರಿಲ್ಲದಿದ್ದರೆ ಸಂಬಳ ಕಡಿಯುವುದಿಲ್ಲ. ಐಸ್ ಡಬ್ಬಿ ಈಗ ರಾತ್ರಿ ಎರಡು ಗಂಟೆಗೂ ಮಹಡಿ ಹತ್ತುತ್ತದೆ. ಯಾವ ಕೈಗೆ, ಯಾವ ದಿನ ಅನ್ನುವುದನ್ನು ಹಾಕಿಸಿಕೊಳ್ಳುವವರೇ ಹೇಳುತ್ತಾರೆ. ಫಾರ್ಮಿನಲ್ಲಿ ಕಾರಣದ ಕಾಲಂ ತೆಗೆಸಿದೆ; ಯಾರಿಗಾದರೂ ಹೇಳಬೇಕು ಅನ್ನಿಸಿದರೆ ನಾನು ಕೂತು ಕೇಳುತ್ತೇನೆ.

ಅಕ್ಕ ಆ ವರ್ಷವೂ ಹಾಕಿಸಿಕೊಳ್ಳಲಿಲ್ಲ. ಆದರೆ ಚಳಿಗಾಲದ ಒಂದು ಸಂಜೆ ಫೋನ್ ಮಾಡಿದರು. “ಸಿಸ್ಟರ್, ಗಂಟಲು ಕೆರೀತಿದೆ. ಬರ್ಲಾ, ಬೇಡ್ವಾ?” ಇಷ್ಟು ವರ್ಷದಲ್ಲಿ ಅವರಾಗಲಿ ಬೇರೆ ಯಾರಾಗಲಿ ಈ ಪ್ರಶ್ನೆಯನ್ನು ನನಗೆ ಕೇಳಿರಲಿಲ್ಲ. ಗಂಟಲು ಕೆರೆದರೆ ಒಂದು ಮಾತ್ರೆ ನುಂಗಿ, ಮಾಸ್ಕ್ ಹಾಕಿಕೊಂಡು, ಯಾರಿಗೂ ಹೇಳದೆ ಬಂದುಬಿಡುವುದೇ ಎಲ್ಲರ ರೂಢಿಯಾಗಿತ್ತು. ಬರಬೇಡಿ ಅಂದೆ. ಅವರ ಬದಲಿಗೆ ಜನ ಸಿಗಲಿಲ್ಲ, ಆ ರಾತ್ರಿ ಅವರ ಸಾಲಿನ ಮಗ್ಗುಲುಗಳನ್ನು ನಾನೂ ಆ ತಮ್ಮನೂ ಬದಲಿಸಿದೆವು. ಎಷ್ಟೋ ವರ್ಷಗಳ ನಂತರ ಆ ಕೆಲಸ ಮಾಡಿದ್ದು. ನಾಲ್ಕನೆಯವರ ಹೊತ್ತಿಗೆ ಅವನು “ಸಿಸ್ಟರ್, ಭುಜದಿಂದ ಎಳೀಬೇಡಿ, ಅಕ್ಕ ಹೀಗ್ ಮಾಡ್ತಾರೆ” ಅಂತ ತೋರಿಸಿಕೊಟ್ಟ.

ಈ ವರ್ಷದ ಲಸಿಕೆ ಮೊನ್ನೆ ಬಂತು. ಪಟ್ಟಿ ಹಿಡಿದು ಹೋದಾಗ ಅಕ್ಕ ತಮ್ಮ ಪಾಳಿಯ ಹಾಳೆ ತೆಗೆದು ನೋಡಿದರು. “ಶುಕ್ರವಾರ ಶನಿವಾರ ನಂಗೆ ರಜೆ. ಶುಕ್ರವಾರ ಬೆಳಿಗ್ಗೆ ಡ್ಯೂಟಿ ಮುಗ್ಸಿ ಹೋಗೋವಾಗ ಬರ್ತೀನಿ. ಎಡಗೈಗೆ ಹಾಕಿ.” ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು, “ನೋವಾದ್ರೆ ಭಾನುವಾರ ಫೋನ್ ಮಾಡ್ಲಾ?” ಅಂದರು. ಮಾಡಿ ಅಂದೆ. ಫ್ರಿಜ್ಜಿನಲ್ಲಿ ಎರಡರಿಂದ ಎಂಟು ಡಿಗ್ರಿಯ ನಡುವೆ ಒಂದು ಸಿರಿಂಜಿನ ಮೇಲೆ ಅವರ ಹೆಸರು ಬರೆದಿಟ್ಟಿದ್ದೇನೆ. ಭಾನುವಾರ ರಾತ್ರಿಯ ಪಾಳಿಗೆ ಒಬ್ಬರನ್ನು ಹೆಚ್ಚಾಗಿ ಹಾಕಿಕೊಡಿ ಅಂತ ಕಚೇರಿಗೆ ಚೀಟಿ ಕಳಿಸಿದ್ದೇನೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ, ನಾಳೆ ಬೆಳಿಗ್ಗೆ ಹೋಗಿ ಕೇಳಬೇಕು.